ಒಂಬತ್ತನೆಯ ಕಾಲಂ

ಕೊಪ್ಪಳ, 6 ಜನವರಿ 2025

ಮಾನ್ಯ ಕುಬೇರಪ್ಪನವರಿಗೆ,

ನಮಸ್ಕಾರ. ಇವತ್ತಿನ ಬಸ್ಸಿಗೆ ಹಾಕಿದ ಬಿಡಿಭಾಗಗಳ ಚೀಲದಲ್ಲಿ, ಬೇರಿಂಗ್ ಪೆಟ್ಟಿಗೆಗಳ ಕೆಳಗೆ, ಟವೆಲ್ಲಿನಲ್ಲಿ ಸುತ್ತಿದ ಒಂದು ಟ್ಯಾಬ್ಲೆಟ್ ಇದೆ. ಚೀಲ ಇಳಿಸುವಾಗ ಎಸೆಯಬಾರದೆಂದು ಕಂಡಕ್ಟರಿಗೆ ಎರಡು ಸಲ ಹೇಳಿದ್ದೇನೆ. ನಿಮಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಕೌಂಟರಿನ ಅನ್ನಪೂರ್ಣ ಎತ್ತಿ, ‘ಸರ್ ಗಿರಾಕಿ ಜೋಡಿ ಮಾತಾಡಾಕತ್ತಾರ್ರಿ, ಏನಿದ್ರೂ ಬರ್ದು ಕಳಸ್ರಿ ಅಂದಾರ’ ಎಂದರು. ಆದ್ದರಿಂದ ಈ ಪತ್ರ.

ನಮ್ಮ ನೀರಸಿರಿ ಪಂಪ್‌ಸೆಟ್ಸ್‌ನ ನಾಲ್ಕೂ ಶಾಖೆಗಳ ಗ್ರಾಹಕರ ವಿವರ ಇನ್ನು ಮೇಲೆ ಒಂದೇ ಕಡೆ ಇರುತ್ತದೆ. ಕೊಪ್ಪಳದಲ್ಲಿ ಮೋಟಾರ್ ಕೊಂಡವರು ಕುಷ್ಟಗಿಗೆ ಬಂದು ದೂರು ಹೇಳಿದರೆ, ಯಾವಾಗ ಕೊಂಡರು, ಯಾರು ಇಳಿಸಿದರು, ಏನು ಕೆಟ್ಟಿತ್ತು ಎಂಬುದೆಲ್ಲ ನಿಮ್ಮ ಕೈಯಲ್ಲೇ ಕಾಣುತ್ತದೆ. ಎರಡು ವರ್ಷದ ಹಿಂದೆ ಹೊರಗಿನ ಕಂಪನಿಯವರು ಇದೇ ಕೆಲಸ ಮಾಡಲು ಬಂದು ಸೋತದ್ದು ನಿಮಗೆ ನೆನಪಿರಬಹುದು. ನಲವತ್ತೆರಡು ಕಾಲಂ, ಎಲ್ಲವೂ ಇಂಗ್ಲಿಷಿನಲ್ಲಿ. ಈ ಸಲ ನಾನೇ ಕೂತು ಒಂಬತ್ತಕ್ಕೆ ಇಳಿಸಿದ್ದೇನೆ, ಎಲ್ಲವೂ ಕನ್ನಡದಲ್ಲಿ: ಹೆಸರು, ಊರು, ಫೋನ್, ಮೋಟಾರ್, ಕೊಂಡ ದಿನ, ಬೋರಿನ ಆಳ, ದೂರು, ಮುಂದಿನ ಹೆಜ್ಜೆ, ಸಂಬಂಧ. ವಿವರಿಸುವ ಅಗತ್ಯವೇ ಇಲ್ಲ, ಓದಿದರೆ ತಿಳಿಯುತ್ತದೆ.

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದೇವೇಂದ್ರಪ್ಪ ಸಾವಕಾರರು ಮಾರ್ಚ್ 27ರ ಸಭೆಯವರೆಗೆ ಸಮಯ ಕೊಟ್ಟಿದ್ದಾರೆ. ‘ನಾಲ್ಕೂ ಕಡೆ ನಡದ್ರ ಇಟ್ಕೊಳ್ಳೂಣು. ಇಲ್ಲಂದ್ರ ಬಂದ್ ಮಾಡಿ, ನೀನು ಮತ್ತ ಫೋನ್ ಟೇಬಲ್ಲಿಗೆ ಹೋಗು’ ಎಂದರು. ಆರು ವರ್ಷ ಆ ಫೋನ್ ಟೇಬಲ್ಲಿನಲ್ಲಿ ಕೂತಿದ್ದೇನೆ. ಐದನೆಯ ಸಲ ಫೋನ್ ಮಾಡಿದವರಿಗೂ ‘ನಿಮ್ಮ ಹೆಸರು, ನಿಮ್ಮ ಊರು’ ಎಂದು ಮೊದಲಿನಿಂದ ಕೇಳುವ ಕೆಲಸ ಅದು. ಅಲ್ಲಿಗೆ ಮರಳಿ ಹೋಗಲಾರೆ. ಈ ಎಂಬತ್ತು ದಿನಗಳನ್ನು ನಾನು ವರ್ಷಗಳಿಂದ ಕಾಯುತ್ತಿದ್ದೆ.

ವಿಶ್ವಾಸದಿಂದ,
ದಾನೇಶ್ವರಿ


ಕುಷ್ಟಗಿ, 9 ಜನವರಿ 2025

ಕುಮಾರಿ ದಾನೇಶ್ವರಿಯವರಿಗೆ,

ಟ್ಯಾಬ್ಲೆಟ್ ಸುರಕ್ಷಿತವಾಗಿ ತಲುಪಿದೆ. ಬೇರಿಂಗ್‌ಗಳು ಒಂದು ಡಜನ್ ಕಡಿಮೆ ಇವೆ, ನಾಳೆ ಕಳಿಸಿ.

ಫೋನ್ ಬಗ್ಗೆ ಬೇಸರ ಬೇಡ. ಫೋನಿನ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ನನ್ನ ರೂಢಿ ಹೀಗೆ.

ಅನ್ನಪೂರ್ಣ ಟ್ಯಾಬ್ಲೆಟ್ ತೆರೆದು ತೋರಿಸಿದರು. ನಾನು ಹೇಳುವುದು, ಅವರು ಒತ್ತುವುದು ಎಂದು ಗೊತ್ತುಮಾಡಿಕೊಂಡಿದ್ದೇವೆ. ಹಿಂದಿನ ಸಲ ಬಂದ ಯಂತ್ರದ ಮೇಲೆ ನಾನು ಒಂದು ದಿನವೂ ಕೈ ಇಡಲಿಲ್ಲ. ಅದು ಗಿರಾಕಿಯ ಇಮೇಲ್ ವಿಳಾಸ ಕೊಡದೆ ಮುಂದೆ ಹೋಗುತ್ತಿರಲಿಲ್ಲ. ನಿಮ್ಮ ಒಂಬತ್ತು ಕಾಲಂ ಓದಿದಾಗ ಇದನ್ನು ಮಾಡಿದವರು ಅಂಗಡಿಯಲ್ಲಿ ಕೂತವರು ಎಂದು ತಿಳಿಯಿತು. ಅದರಲ್ಲೂ ಒಂಬತ್ತನೆಯದು. ಮೂವತ್ತೊಂದು ವರ್ಷ ಮೋಟಾರ್ ಮಾರಿದ್ದೇನೆ, ಯಾವ ಕಂಪನಿಯೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ನಾನು ಬಹಳ ದಿನದಿಂದ ತಿಳಿದಿದ್ದೆ.

ನಮ್ಮಲ್ಲಿ ನಾನೂರ ಹನ್ನೆರಡು ಗಿರಾಕಿಗಳಿದ್ದಾರೆ. ಎಲ್ಲರದೂ ತುಂಬಿಸುತ್ತೇವೆ.

ಇಂತು,
ಕುಬೇರಪ್ಪ


ಕೊಪ್ಪಳ, 27 ಜನವರಿ 2025

ಮಾನ್ಯ ಕುಬೇರಪ್ಪನವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಗಂಗಾವತಿ ಶಾಖೆಯ ಕೊಟ್ರೇಶ ಮೂರೇ ವಾರದಲ್ಲಿ ಆರುನೂರ ನಲವತ್ತು ಗ್ರಾಹಕರನ್ನು ತುಂಬಿಸಿದ್ದಾನೆ. ಅವರಲ್ಲಿ ಐನೂರ ಹನ್ನೊಂದು ಜನರ ‘ಮುಂದಿನ ಹೆಜ್ಜೆ’ಯಲ್ಲಿ ಬರೆದಿರುವುದು ಒಂದೇ ಮಾತು: ‘ಬರ್ತೀನಿ ಅಂದಾರ.’ ಐನೂರ ಹನ್ನೊಂದು ಜನ ಮತ್ತೆ ಬರುತ್ತೇವೆ ಎಂದಿದ್ದಾರೆ. ಫೋನ್ ಟೇಬಲ್ಲಿನಲ್ಲಿ ಕೂತಿದ್ದಾಗ ನಮಗೆ ಇಷ್ಟು ಜನ ಇದ್ದಾರೆಂಬುದೇ ನನಗೆ ಗೊತ್ತಿರಲಿಲ್ಲ.

ಸಾವಕಾರರಿಗೆ ಪರದೆಯ ಮೇಲೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ತೆಗೆದು ನೋಡಿ, ಕಾಲುವೆ ನೀರು ಇಳಿಯುವ ಮುಂಚೆ ಮೋಟಾರ್‌ಗಳು ಬೇಕಾಗುತ್ತವೆ ಎಂದು ಅರವತ್ತು ಮೋಟಾರ್‌ಗಳನ್ನು ಅಂದೇ ಗಂಗಾವತಿಗೆ ಕಳಿಸಲು ಹೇಳಿದರು. ಹೋಗುವಾಗ, ‘ದಾನಮ್ಮ, ನಿನ್ನ ಮಷೀನು ಮಾತಾಡಾಕತ್ತೈತಿ’ ಎಂದರು. ಅವರು ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ.

ಯಲಬುರ್ಗಾದವರು ನೂರ ಎಂಬತ್ತು ತುಂಬಿಸಿದ್ದಾರೆ. ಅಲ್ಲಿಯ ಮೆಕ್ಯಾನಿಕ್ ರೆಹಮಾನ ಮಾತ್ರ, ‘ನನ್ನ ಕೈಯಾಗಿನ ಗ್ರೀಸಿಗೆ ಅದು ಹತ್ತಂಗಿಲ್ರಿ’ ಎಂದು ಮುಟ್ಟುವುದಿಲ್ಲವಂತೆ.

ಕುಷ್ಟಗಿಯದು ಮೂವತ್ತೇಳು.

ನೀವು ಹಿರಿಯರು, ನಾನು ಹೆಚ್ಚು ಹೇಳಬಾರದು. ಆದರೆ ಮೊನ್ನೆಯ ಶಾಖಾ ಸಭೆಗೂ ನೀವು ಬರಲಿಲ್ಲ. ಪತ್ರದಲ್ಲಿ ಹೊಗಳಿ ಅಂಗಡಿಯಲ್ಲಿ ಪಕ್ಕಕ್ಕೆ ಇಡುವುದೂ ಒಂದು ರೀತಿಯ ನಿರಾಕರಣೆಯೇ. ಇಷ್ಟವಿಲ್ಲದಿದ್ದರೆ ಹಾಗೆಂದು ಬರೆದುಬಿಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ದಾನೇಶ್ವರಿ


ಕುಷ್ಟಗಿ, 30 ಜನವರಿ 2025

ದಾನೇಶ್ವರಿಯವರಿಗೆ,

ಮೂವತ್ತೇಳು ಇದ್ದದ್ದು ಈಗ ನಲವತ್ನಾಲ್ಕು ಆಗಿದೆ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲ ಎಂಟು ಕಾಲಂಗೆ ಐದು ನಿಮಿಷ, ಉಳಿದದ್ದು ಒಂಬತ್ತನೆಯದಕ್ಕೆ. ಅದನ್ನು ವಿಚಾರಿಸಬೇಕು, ನೆನಪಿಸಿಕೊಳ್ಳಲು ಬಿಡಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಗಟ್ಟಿ ಮಾಡಿಕೊಳ್ಳಬೇಕು. ಕೆಲವರು ಚಹಾ ಕುಡಿದ ಮೇಲೆಯೇ ಬಾಯಿ ಬಿಡುತ್ತಾರೆ. ಅನ್ನಪೂರ್ಣ ಎರಡು ಥರ್ಮಾಸ್ ತಂದಿಟ್ಟಿದ್ದಾರೆ. ನನಗೆ ಇಷ್ಟವಿಲ್ಲವೆಂದು ನೀವು ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಅವರು ಥರ್ಮಾಸ್ ಎತ್ತಿ ತೋರಿಸಿ, ‘ಇದನ್ನ ಫೋಟೋ ಹೊಡ್ದು ಕಳಸ್ಲೇನ್ರಿ’ ಎಂದರು.

ಬೇಗ ತುಂಬಿಸಬಹುದು. ಆದರೆ ಆಗ ಅದು ತುಂಬಿದ ಹಾಗೆ ಕಾಣುತ್ತದೆ, ಅಷ್ಟೆ.

ಗಂಗಾವತಿಯ ಬಗ್ಗೆ ಒಂದು ಪ್ರಶ್ನೆ. ಆ ಐನೂರ ಹನ್ನೊಂದು ಜನ ‘ಬರ್ತೀನಿ’ ಎಂದದ್ದು ಯಾವಾಗ? ಅಂಗಡಿಯೊಳಗೆ ಕೂತಿದ್ದಾಗಲೋ, ಎದ್ದು ಚಪ್ಪಲಿ ಮೆಟ್ಟುವಾಗಲೋ? ಕೊಟ್ರೇಶನನ್ನು ಕೇಳಿ ನೋಡಿ.

ಕುಬೇರಪ್ಪ


ಕೊಪ್ಪಳ, 21 ಫೆಬ್ರವರಿ 2025

ಕುಬೇರಪ್ಪನವರಿಗೆ,

ನಿಮ್ಮ ಪ್ರಶ್ನೆಯನ್ನು ನಾನು ಕೊಟ್ರೇಶನಿಗೆ ಕೇಳಲಿಲ್ಲ. ತಮಾಷೆ ಎಂದುಕೊಂಡೆ.

ಅರವತ್ತು ಮೋಟಾರ್‌ಗಳಲ್ಲಿ ನಾಲ್ಕು ಹೋಗಿವೆ. ಉಳಿದ ಐವತ್ತಾರು ಗಂಗಾವತಿಯ ಅಂಗಡಿಯಲ್ಲಿ ಬಾಗಿಲವರೆಗೆ ನಿಂತಿವೆ. ಗಿರಾಕಿ ಒಳಗೆ ಬರಬೇಕಾದರೆ ಮೈ ಓರೆ ಮಾಡಬೇಕು. ನಿನ್ನೆ ನಾನೇ ಹೋಗಿ ಒಂದು ಇಡೀ ದಿನ ಕೌಂಟರಿನ ಹಿಂದೆ ಕೂತೆ.

ಹನುಮನಹಳ್ಳಿ ಕಡೆಯವರೊಬ್ಬರು ಬಂದರು. ವಾಲ್ವಿನ ವಾಷರ್ ಒಂದನ್ನು ಕೇಳಿದರು, ಇರಲಿಲ್ಲ. ಎದ್ದು ಪಂಚೆ ಕೊಡವಿ, ‘ಬರ್ತೀನ್ರಿ’ ಎಂದು ಹೋದರು. ಕೊಟ್ರೇಶ ಟ್ಯಾಬ್ಲೆಟ್ ಎಳೆದುಕೊಂಡು ಬರೆದ: ಬರ್ತೀನಿ ಅಂದಾರ.

‘ಕೊಟ್ರೇಶ, ಅವರು ಹೋದರಲ್ಲ?’ ಎಂದೆ.

‘ಹೌದ್ರಿ, ಹೋದ್ರು.’

‘ಮತ್ತೆ ಬರ್ತೀನಿ ಅಂತ ಬರೆದೆ?’

‘ಅವ್ರು ಏನಂದ್ರು ಅದನ್ನ ಬರ್ದೀನ್ರಿ. ಹೋಗುವಾಗ ಹೋಗ್ತೀನಿ ಅಂತ ಯಾರರ ಅಂತಾರೇನ್ರಿ? ಅದು ಛಲೋ ಅನಸೂದಿಲ್ಲ.’

‘ಆದರೆ ಅದನ್ನು ಮುಂದಿನ ಹೆಜ್ಜೆ ಅಂತ...’

‘ಅದನ್ನ ಖಾಲಿ ಬಿಟ್ರ ನಿಮ್ಮ ಮಷೀನು ಮುಂದಕ್ಕ ಬಿಡಂಗಿಲ್ರಿ ಅಕ್ಕಾರ. ಕೆಂಪಗ ಆಗಿ ನಿಂದರ್ತೈತಿ. ದಿನಕ್ಕ ಮೂವತ್ತು ಮಂದಿದು ಮಾಡ್ಬೇಕು ಅಂತ ನೀವೇ ಹೇಳೀರಿ. ನಾನು ಒಂದಕ್ಷರ ಸುಳ್ಳು ಬರ್ದಿಲ್ಲ ನೋಡ್ರಿ.’

ಅವನು ಸುಳ್ಳು ಬರೆದಿಲ್ಲ. ಖಾಲಿ ಬಿಡಬಾರದೆಂದು ನಿಯಮ ಮಾಡಿದವಳು ನಾನು. ಆ ಮಾತನ್ನು ಐನೂರು ಸಲ ಓದಿ ಕುಣಿದವಳೂ ನಾನೇ. ನಾನೂ ನಿನ್ನೆ ಸಂಜೆ ಅವನಿಗೆ ‘ಬರ್ತೀನಪ್ಪ’ ಎಂದೇ ಹೇಳಿ ಬಸ್ ಹತ್ತಿದೆ.

ಬಸ್ಸಿನಲ್ಲಿ ಕೂತು, ಸಮಾಧಾನಕ್ಕೆ ಎಂದು, ನಿಮ್ಮ ಶಾಖೆಯ ನೂರ ಹತ್ತು ನಮೂದುಗಳನ್ನು ಮೊದಲ ಸಲ ತೆರೆದೆ. ಒಂಬತ್ತನೆಯ ಕಾಲಂ ನೋಡಿದೆ. ‘ಬೇವೂರ ಗಾಳೆಪ್ಪನ ಬೀಗರು.’ ‘ಹಿರಿಯ ಮಗಳನ್ನು ಇರಕಲ್ಲಗಡಕ್ಕೆ ಕೊಟ್ಟಿದೆ.’ ‘ಹೆಂಡತಿಯ ತವರು ಕುಕನೂರು, ಅಳಿಯ ಹನುಮಸಾಗರದವ.’ ಕೆಲವು ಕಡೆ ಮೂರು ತಲೆಮಾರು.

ನಾನು ಕೇಳಿದ್ದು ಸಂಸ್ಥೆಯ ಜೊತೆಗಿನ ಸಂಬಂಧ. ಹೊಸಬರು, ಹಳಬರು, ಬಿಟ್ಟುಹೋದವರು, ಈ ಮೂರರಲ್ಲಿ ಒಂದು. ಲಗ್ನದ ಸಂಬಂಧ ಅಲ್ಲ. ಸಾವಕಾರರು ಇದನ್ನು ಇನ್ನೂ ನೋಡಿಲ್ಲ. ಸಭೆಗೆ ಮೂವತ್ನಾಲ್ಕು ದಿನ ಉಳಿದಿದೆ. ದಯವಿಟ್ಟು ಸೋಮವಾರದೊಳಗೆ ಆ ಕಾಲಂ ಅಳಿಸಿ, ಆ ಮೂರು ಮಾತುಗಳಲ್ಲಿ ಒಂದನ್ನು ಬರೆಸಿ.

ದಾನೇಶ್ವರಿ


ಕುಷ್ಟಗಿ, 24 ಫೆಬ್ರವರಿ 2025

ದಾನೇಶ್ವರಿಯವರಿಗೆ,

ಇವತ್ತು ಸೋಮವಾರ. ಅಳಿಸಿಲ್ಲ.

ತಪ್ಪು ತಿಳಿದದ್ದು ನಿಜ, ಒಪ್ಪುತ್ತೇನೆ. ಸಂಬಂಧ ಎಂದು ಬರೆದಿದ್ದರೆ ಈ ಕಡೆ ಯಾರೂ ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ. ನೀವು ಮುನಿರಾಬಾದಿನ ಡ್ಯಾಂ ಕಾಲೋನಿಯಲ್ಲಿ ಬೆಳೆದವರೆಂದು ಅನ್ನಪೂರ್ಣ ಹೇಳಿದರು. ಅಲ್ಲಿ ಪ್ರತಿ ಮನೆಯವರೂ ಬೇರೆ ಬೇರೆ ಊರಿನಿಂದ ನೌಕರಿಗೆ ಬಂದವರು, ಒಬ್ಬರಿಗೊಬ್ಬರು ಬೀಗರಲ್ಲ. ಆದ್ದರಿಂದ ಆ ಮಾತು ನಿಮಗೆ ಹೊಳೆಯದೆ ಹೋಗಿರಬಹುದು.

ಆದರೆ ಅಳಿಸುವ ಮುಂಚೆ ಒಂದು ಕೆಲಸ ಮಾಡಿ. ನೂರ ಹತ್ತರಲ್ಲಿ ಹನ್ನೊಂದು ನಮೂದುಗಳಿಗೆ ಅನ್ನಪೂರ್ಣ ಚುಕ್ಕೆ ಹಾಕಿದ್ದಾರೆ. ಆ ಹನ್ನೊಂದೂ ನಮ್ಮ ಹಳೆಯ ಗಿರಾಕಿಗಳ ಮನೆ. ಹೋದ ಮೇ ತಿಂಗಳಿಂದ ಒಬ್ಬರೂ ಒಂದು ವಾಷರ್ ಕೊಂಡಿಲ್ಲ. ನೀವು ಹೇಳಿದಂತೆ ಬರೆದರೆ ಹನ್ನೊಂದು ಕಡೆ ‘ಬಿಟ್ಟುಹೋದವರು’ ಎಂದಾಗುತ್ತದೆ. ಏಕೆ ಬಿಟ್ಟರೆಂದು ಯಂತ್ರಕ್ಕೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಸಂಬಂಧ ವಿಚಾರಿಸಿದಾಗ ತಿಳಿಯಿತು. ಹನ್ನೊಂದು ಮನೆಯವರೂ ತಾವರಗೇರಿಯ ಹುಲಗಮ್ಮ ಎಂಬವರ ಬೀಗರು, ಇಲ್ಲವೆ ಬೀಗರ ಬೀಗರು. ಹುಲಗಮ್ಮ ಮೇ ತಿಂಗಳಲ್ಲಿ ಕೊಪ್ಪಳದ ಅಂಗಡಿಯಲ್ಲಿ ಮೋಟಾರ್ ಕೊಂಡಿದ್ದಾರೆ. ನಮ್ಮಲ್ಲಿ ಕೊಂಡಿದ್ದರೆ ನನಗೆ ಗೊತ್ತಾಗುತ್ತಿತ್ತು. ಎಂಟು ದಿನಕ್ಕೆ ಸುಟ್ಟಿತು. ಕೊಪ್ಪಳಕ್ಕೆ ಆರು ಸಲ ಫೋನ್ ಮಾಡಿದರಂತೆ. ಆಮೇಲೆ ಸುಮ್ಮನಾದರು. ಅವರ ಬೀಗರಲ್ಲಿ ಒಬ್ಬರು ನನಗೆ ಹೇಳಿದ ಮಾತು ಇದು: ‘ಅಕಿ ಮೋಟಾರು ತಿರುಗಿದ ದಿವಸ ನಾವೂ ತಿರುಗಿ ನಿಮ್ಮ ಅಂಗಡಿ ಕಡಿ ನೋಡ್ತೀವ್ರಿ.’

ಇಲ್ಲಿ ಮೋಟಾರ್ ಜಾಹೀರಾತು ನೋಡಿ ಹೋಗುವುದಿಲ್ಲ. ಮಗಳು ಹೋದ ದಾರಿಯಲ್ಲಿ ಹೋಗುತ್ತದೆ.

ಇನ್ನೊಂದು ವಿಷಯ ನಾನು ಬರೆಯದೆ ಬಿಟ್ಟಿದ್ದೆ. ಫೋನ್ ಎತ್ತದಿರುವುದು ರೂಢಿಯಲ್ಲ. ಮೂವತ್ತು ವರ್ಷ ಪರೀಕ್ಷೆಯ ಮೋಟಾರ್‌ಗಳ ಪಕ್ಕದಲ್ಲಿ ನಿಂತು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ. ಫೋನಿನಲ್ಲಿ ಏನೂ ತಿಳಿಯುವುದಿಲ್ಲ. ಸಭೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ. ಗಿರಾಕಿಯನ್ನು ಬಲಕ್ಕೆ ಕೂರಿಸಿಕೊಂಡು, ಮುಖ ನೋಡುತ್ತ, ಎರಡು ಸಲ ಕೇಳಿದರೆ ಕೆಲಸ ನಡೆಯುತ್ತದೆ. ನಿಮ್ಮ ಟ್ಯಾಬ್ಲೆಟ್ ಬಂದ ದಿನ ನನ್ನ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ ಎಂದು ತಿಳಿದಿದ್ದೆ. ಒಂಬತ್ತನೆಯ ಕಾಲಂ ನೋಡಿ ಆ ಯೋಚನೆ ಬಿಟ್ಟೆ.

ಕುಬೇರಪ್ಪ


ಕೊಪ್ಪಳ, 26 ಫೆಬ್ರವರಿ 2025

ಕುಬೇರಪ್ಪ ಕಾಕಾ ಅವರಿಗೆ,

ಹೀಗೆ ಕರೆಯಬಹುದೆಂದು ತಿಳಿದಿದ್ದೇನೆ. ಕರೆಯಬಾರದಿದ್ದರೆ ಬರೆಯಿರಿ. ನಿಮ್ಮ ಫೋನ್ ಬಗ್ಗೆ ನಾನು ಹಿಂದೆ ಬರೆದ ಸಾಲುಗಳನ್ನು ಹರಿದು ಹಾಕಿ.

ನಿಮ್ಮ ಪತ್ರ ಹಿಡಿದು ನೇರ ಹಳೆಯ ದೂರಿನ ರಿಜಿಸ್ಟರ್ ತೆಗೆದೆ. ಮೇ 19ರಿಂದ ಜೂನ್ 30. ಆರು ಕರೆಗಳೂ ಇವೆ. ಆರೂ ನನ್ನ ಅಕ್ಷರದಲ್ಲಿವೆ. ಹುಲಗಮ್ಮ, ತಾವರಗೇರಾ. ಹುಲಿಗೆಮ್ಮ, ತಾವರಗೇರಿ. ಹುಲಗವ್ವ, ಕುಷ್ಟಗಿ ತಾಲೂಕು. ಒಂದು ಕಡೆ ಅವರ ಮಗನ ಹೆಸರು, ಒಂದು ಕಡೆ ಬರೀ ಫೋನ್ ನಂಬರು, ಇನ್ನೊಂದು ಕಡೆ ‘ಒಬ್ಬ ಮಹಿಳೆ, ಬಹಳ ಸಿಟ್ಟು’. ಆರು ಕರೆಗಳನ್ನು ನಾನು ಆರು ಮನೆಗಳೆಂದು ಬರೆದಿದ್ದೇನೆ. ಪ್ರತಿಯೊಂದರ ಮುಂದೆ ‘ಮೊದಲ ದೂರು, ಕಾದು ನೋಡಿ’ ಎಂದಿದೆ.

ನನಗೆ ನಾಚಿಕೆಯಾಯಿತು. ಆದರೆ ಕಾಕಾ, ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ನಾಲ್ಕೂ ಶಾಖೆಗಳಲ್ಲಿ ಕಳೆದ ವರ್ಷ ಬಿಟ್ಟುಹೋದ ಗ್ರಾಹಕರನ್ನು ತೆಗೆದು ಊರಿನ ಹೆಸರಿನ ಜೊತೆ ಇಟ್ಟು ನೋಡಿದೆ. ಯಲಬುರ್ಗಾ ಶಾಖೆ ಒಂದರಲ್ಲೇ ಬೇವೂರಿನ ಸುತ್ತ ಹದಿನಾಲ್ಕು ಮನೆ ಮೇ ನಂತರ ನಿಂತಿವೆ. ಅಲ್ಲಿ ಸಂಬಂಧ ಬರೆದಿಲ್ಲ, ಶಾಖಾ ಸಭೆಯಲ್ಲಿ ನಾನು ಹೇಳಿದಂತೆ ‘ಬಿಟ್ಟುಹೋದವರು’ ಎಂದು ಬರೆದಿದೆ. ನಿಮ್ಮ ಪಟ್ಟಿಯಲ್ಲಿ ಹುಲಗಮ್ಮನವರ ಮಗಳನ್ನು ಕೊಟ್ಟಿರುವುದು ಬೇವೂರಿನ ಗಾಳೆಪ್ಪನ ಮನೆಗೆ. ಎರಡು ಶಾಖೆಯ ಕಾಗದಗಳು ಒಂದು ಮನೆಯ ಅಂಗಳದಲ್ಲಿ ಸೇರುತ್ತವೆ. ಇದನ್ನು ಯಾವ ಶಾಖೆಯೂ ಒಂಟಿಯಾಗಿ ನೋಡಲು ಸಾಧ್ಯವೇ ಇರಲಿಲ್ಲ.

ಹುಲಗಮ್ಮನವರ ಮನೆಗೆ ನಾನೇ ಬರಬೇಕೆಂದಿದ್ದೆ. ಐವತ್ತಾರು ಮೋಟಾರ್‌ಗಳಿಗೆ ಉತ್ತರ ಹೇಳದೆ ಎಲ್ಲೂ ಹೋಗಬಾರದೆಂದು ಸಾವಕಾರರ ಅಪ್ಪಣೆ. ಯಲಬುರ್ಗಾದಿಂದ ರೆಹಮಾನನನ್ನು ಕಳಿಸುತ್ತೇನೆ, ಬೋರಿನ ವಿಷಯದಲ್ಲಿ ಅವನಷ್ಟು ತಿಳಿದವರಿಲ್ಲ. ನೀವು ಜೊತೆಗೆ ಹೋಗಿ. ಆರೂ ಕರೆಗಳ ವಿವರ ಒಂದೇ ಹೆಸರಿನ ಕೆಳಗೆ ತಂದು ಅವನ ಫೋನಿಗೆ ಹಾಕಿದ್ದೇನೆ.

ದಾನೇಶ್ವರಿ


ಕುಷ್ಟಗಿ, 6 ಮಾರ್ಚ್ 2025

ತಂಗಿ ದಾನೇಶ್ವರಿಗೆ,

ಕಾಕಾ ಎನ್ನಬಹುದು.

ನಿನ್ನೆ ತಾವರಗೇರಿಗೆ ಹೋಗಿದ್ದೆವು. ಹುಲಗಮ್ಮ ಬಾಗಿಲಲ್ಲೇ ನಿಂತಿದ್ದರು. ಅವರ ಧ್ವನಿ ನನ್ನ ಎಡಗಿವಿಗೂ ಕೇಳಿತು.

‘ಯಾರ್ರೀ ನೀವು? ನೀರಸಿರಿಯವ್ರಾ? ಒಂಬತ್ತ ತಿಂಗಳಿಗೆ ಕೂಸ ಹುಟ್ತೈತಿ, ನೀವ್ ಈಗ ಬಂದ್ರಿ. ಮೊದಲ ನನ್ನ ಹೆಸರ ಹೇಳ್ರಿ ನೋಡೂಣು. ಆರ ಸಲ ಹೇಳೀನಿ ನಿಮ್ಮ ಕೊಪ್ಪಳದಕಿಗೆ.’

ರೆಹಮಾನ ಚಪ್ಪಲಿ ಕಳಚಿ ನಿಂತು ಹೇಳಿದ. ‘ಹುಲಗಮ್ಮರ, ಮೇ ಹನ್ನೊಂದಕ್ಕ ಮೋಟಾರ್ ಇಳಿಸ್ಯಾರ. ಹತ್ತೊಂಬತ್ತಕ್ಕ ಸುಟ್ಟೈತಿ. ಅವತ್ತ ಮುಂಜಾನಿ ನೀವು ಮೊದಲನೇ ಫೋನ್ ಮಾಡೀರಿ. ಇಪ್ಪತ್ತೆರಡಕ್ಕ ನಿಮ್ಮ ಮಗ ಮಾಡ್ಯಾನ. ಆಮ್ಯಾಲೆ ಮತ್ತ ನಾಲ್ಕು ಸಲ. ಕಡೀ ಸಲ ಭಾಳ ಸಿಟ್ಟಾಗಿದ್ರಿ.’

ಹುಲಗಮ್ಮ ಒಂದು ಹೆಜ್ಜೆ ಹೊರಗೆ ಬಂದರು. ‘ಸಿಟ್ಟಾಗಿದ್ದೆ ಅಂತನೂ ಬರಕೊಂಡಾರೇನು?’

‘ಬರಕೊಂಡಾರ್ರಿ.’

‘ಛಲೋ ಆತು. ಒಳಗ ಬರ್ರಿ.’

ಮೋಟಾರ್ ಮೇಲೆತ್ತಿಸಿದೆವು. ಆರುನೂರು ಅಡಿಯ ಬೋರಿಗೆ ಮುನ್ನೂರು ಅಡಿಗೆ ಆಗುವ ತೆಳು ಕೇಬಲ್ ಹಾಕಿದ್ದಾರೆ, ಸುಟ್ಟದ್ದು ಅದಕ್ಕೇ. ಹಾಕಿದವನು ನಮ್ಮ ಮೆಕ್ಯಾನಿಕ್ಕೇ, ಈಗ ಕೆಲಸ ಬಿಟ್ಟಿದ್ದಾನೆ. ರೆಹಮಾನ ಕೇಬಲ್ಲನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನನ್ನು ಕೇಳದೆಯೇ ಹೇಳಿಬಿಟ್ಟ: ‘ತಪ್ಪು ನಮ್ದೈತ್ರಿ, ಅಮ್ಮಾ.’ ನಾನು ಇಷ್ಟು ವರ್ಷದಲ್ಲಿ ಸಂಸ್ಥೆಯ ಕಡೆಯಿಂದ ಯಾರೂ ಗಿರಾಕಿಯ ಅಂಗಳದಲ್ಲಿ ನಿಂತು ಆ ಮಾತು ಹೇಳಿದ್ದನ್ನು ನೋಡಿಲ್ಲ. ನಾನೂ ಹೇಳಿಲ್ಲ.

ಹುಲಗಮ್ಮ ಚಹಾ ತಂದರು. ರೆಹಮಾನ ಬೇಡವೆಂದ.

‘ತಪ್ಪ ಮಾಡಿದವ್ರು ಚಾ ಕುಡೀಬೇಕಪಾ. ಒಲ್ಲೆ ಅಂದ್ರ ನನ್ನ ಸಿಟ್ಟ ಹೋಗಂಗಿಲ್ಲ.’

‘ರೋಜಾ ಐತ್ರಿ ಅಮ್ಮಾ.’

‘ಅಯ್ಯ, ಉಪಾಸ ಇದ್ದು ಬೋರಿನ ಪೈಪ್ ಎತ್ತಿಸಿದೇನಪಾ?’ ಎಂದು ಅವರು ಆ ಲೋಟವನ್ನೂ ನನ್ನ ಕೈಗೇ ಕೊಟ್ಟರು. ಎರಡು ಲೋಟ ನಾನು ಕುಡಿದೆ.

ಹೊಸ ಮೋಟಾರ್, ಸರಿಯಾದ ಕೇಬಲ್ ಇಳಿಸಿ, ನಾಲ್ಕೂವರೆಗೆ ಸ್ವಿಚ್ ಹಾಕಿದೆವು. ನೀರು ಬಂದ ಮೇಲೆ ಹುಲಗಮ್ಮ ಪೈಪಿನ ಪಕ್ಕದಲ್ಲೇ ನಿಂತು ಬೇವೂರಿಗೆ ಫೋನ್ ಹಚ್ಚಿದರು. ‘ಗಾಳೆಪ್ಪ ಬೀಗ್ರ, ಕೇಳ್ರಿಲ್ಲಿ’ ಎಂದು ಫೋನನ್ನು ನೀರಿನ ಸದ್ದಿಗೆ ಹಿಡಿದರು. ಹೊಸ ಮೋಟಾರ್ ಕೊಡಲು ಕೊಪ್ಪಳವನ್ನು ಕೇಳಿರಲಿಲ್ಲ. ನನ್ನ ಜವಾಬ್ದಾರಿಯಲ್ಲಿ ಕೊಟ್ಟಿದ್ದೇನೆ. ಸಾವಕಾರರು ಕೇಳಿದರೆ ಹಾಗೆಯೇ ಹೇಳು.

ಕುಬೇರಪ್ಪ


ಕೊಪ್ಪಳ, 19 ಮಾರ್ಚ್ 2025

ಕಾಕಾ,

ಹೊಸ ಮೋಟಾರ್ ಕೊಟ್ಟದ್ದಕ್ಕೆ ಸಾವಕಾರರು ಏನೂ ಹೇಳಲಿಲ್ಲ. ಹೇಳಲು ಸಮಯವೇ ಸಿಗಲಿಲ್ಲ. ಯಲಬುರ್ಗಾದಲ್ಲಿ ನಿಂತುಹೋಗಿದ್ದ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಯವರು ಬಂದಿದ್ದಾರೆ. ನಿಮ್ಮ ಹನ್ನೊಂದರಲ್ಲಿ ಎಂಟು. ಎಲ್ಲರೂ ಕೊಳ್ಳಲೇ ಬಂದವರಲ್ಲ, ಕೆಲವರು ಒಂಬತ್ತು ತಿಂಗಳಿಂದ ಒಳಗಿಟ್ಟುಕೊಂಡ ದೂರು ಹೇಳಲು ಬಂದರು. ನನಗೆ ಅದೇ ಹೆಚ್ಚು ಸಂತೋಷ. ಸಾವಿರ ಸಲ ಕೇಳಿ ಬೇಸತ್ತಿದ್ದ ದೂರುಗಳನ್ನು ಈಗ ಕಾಯುತ್ತ ಕೂರುತ್ತೇನೆ.

ಒಂಬತ್ತನೆಯ ಕಾಲಂ ಹಾಗೇ ಇದೆ, ನೀವು ಓದಿದ ಅರ್ಥದಲ್ಲಿ. ನಾಲ್ಕೂ ಶಾಖೆಗೆ. ‘ಮುಂದಿನ ಹೆಜ್ಜೆ’ ಇನ್ನು ಖಾಲಿ ಬಿಡಬಹುದು. ದಿನಕ್ಕೆ ಮೂವತ್ತು ಎಂಬ ಲೆಕ್ಕವನ್ನೂ ತೆಗೆದೆ. ಕೊಟ್ರೇಶನಿಗೆ ಹೇಳಿದಾಗ, ‘ಹಂಗಾದ್ರ ಖರೇ ಬರ್ಯಾಕ ನನಗ ಪುರಸೊತ್ತು ಸಿಗ್ತೈತ್ರಿ’ ಎಂದ.

ತೊಂದರೆ ಇಲ್ಲಿಯೇ ಬಂದಿದೆ. ಗಂಗಾವತಿಯ ‘ಮತ್ತೆ ಬರುವವರು’ ಐನೂರ ಹನ್ನೊಂದರಿಂದ ಇಪ್ಪತ್ತೆಂಟಕ್ಕೆ ಇಳಿದಿದ್ದಾರೆ. ಆ ಇಪ್ಪತ್ತೆಂಟು ನಿಜ. ಆದರೆ ಸಾವಕಾರರು ಪರದೆಯ ಮೇಲೆ ನೋಡುವುದು ಇಳಿದ ಸಂಖ್ಯೆಯನ್ನು. ನಿನ್ನೆ, ‘ಜನವರಿಯಾಗ ಛಲೋ ಇತ್ತಲ್ಲ, ಈಗ ಯಾಕ ಬಿದ್ದೈತಿ? ಮತ್ತ ಅದೇ ಹಣೇಬಾರ ಕಾಣ್ತೈತಿ’ ಎಂದರು. ನಾನು ಹದಿನಾಲ್ಕು ಪುಟ ಸಿದ್ಧ ಮಾಡುತ್ತಿದ್ದೇನೆ, ಚಿತ್ರಗಳ ಸಮೇತ. ಆದರೂ ಕಾಕಾ, ನೀವು 27ಕ್ಕೆ ಬಂದು ನಾಲ್ಕು ಮಾತು ಹೇಳಿದರೆ ಅದರ ತೂಕ ಬೇರೆ. ನಾನು ನಿಮ್ಮ ಬಲಗಡೆ ಕೂರುತ್ತೇನೆ. ಎಲ್ಲರ ಮಾತನ್ನೂ ಬರೆದು ತೋರಿಸುತ್ತೇನೆ.

ದಾನೇಶ್ವರಿ


ಕುಷ್ಟಗಿ, 22 ಮಾರ್ಚ್ 2025

ತಂಗಿ ದಾನೇಶ್ವರಿಗೆ,

ನಾನು ಬರುವುದಿಲ್ಲ. ಕಿವಿಯ ಕಾರಣಕ್ಕಲ್ಲ. ನಾನು ಬಂದರೆ ನಿನ್ನ ಪರ ಮಾತಾಡಲು ಬಂದವನಾಗುತ್ತೇನೆ. ದೇವೇಂದ್ರಪ್ಪನವರು ಮಾತಾಡಲು ಬಂದವರನ್ನು ಬಹಳ ಸಲ ನೋಡಿದ್ದಾರೆ. ಎರಡು ವರ್ಷದ ಹಿಂದಿನ ಆ ಕಂಪನಿಯವರೂ ಚೆನ್ನಾಗಿ ಮಾತಾಡಿದರು.

ಇದು ಯಾರಿಗೆ ಉಪಯೋಗಕ್ಕೆ ಬಂದಿದೆಯೋ ಅವರು ಆ ಕೋಣೆಯಲ್ಲಿ ಇದ್ದರೆ ಸಾಕು. ಅವರಿಗೆ ಏನು ಹೇಳಬೇಕೆಂದು ಹೇಳಿಕೊಡಬೇಡ. ಅಂಥವರು ಯಾರೂ ಇಲ್ಲದಿದ್ದರೆ, ತಂಗಿ, ಅದು ನಿಲ್ಲುವುದೇ ಸರಿ.

ಕುಬೇರಪ್ಪ


ಕೊಪ್ಪಳ, 27 ಮಾರ್ಚ್ 2025

ಕಾಕಾ,

ಸಭೆ ಹನ್ನೊಂದಕ್ಕೆ ಶುರುವಾಯಿತು. ಹನ್ನೆರಡಾಗುವ ಮುಂಚೆ ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕೊನೆಯಿಂದ ಶುರುಮಾಡಿಬಿಡುತ್ತೇನೆ.

ಮೂರು ಶಾಖೆಯ ಮುಖ್ಯಸ್ಥರು ಮತ್ತು ಮೆಕ್ಯಾನಿಕ್‌ಗಳು ಬಂದಿದ್ದರು. ನಾನು ಪುಟಗಳನ್ನು ಹಂಚಿದೆ. ಸಾವಕಾರರು ತಮ್ಮ ಪ್ರತಿಯನ್ನು ತಿರುಗಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ಕನ್ನಡಕವನ್ನೂ ಇಟ್ಟರು.

‘ಒಂದ್ ಮಾತು ಕೇಳ್ತೀನಿ’ ಎಂದರು. ‘ನಾಳೆ ಮುಂಜಾನಿ ಇದನ್ನ ಬಂದ್ ಮಾಡಿದ್ರ ಯಾರಿಗೆ ತ್ರಾಸ ಆಗ್ತೈತಿ? ದಾನಮ್ಮನ್ನ ಬಿಟ್ಟು ಹೇಳ್ರಿ.’

ನಾನು ಕೊಟ್ರೇಶನ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ನೀವು ಬರೆದ ಕೊನೆಯ ಸಾಲು ನೆನಪಿಗೆ ಬಂತು.

ಆಗ ಹಿಂದಿನ ಬೆಂಚಿನಿಂದ ರೆಹಮಾನ, ‘ನನಗ ಆಗ್ತೈತ್ರಿ’ ಎಂದ.

‘ನಿನಗಾ? ನೀನು ಅದನ್ನ ಮುಟ್ಟಂಗಿಲ್ಲ ಅಂದಿದ್ದಿ.’

‘ಈಗ ಕೈ ತೊಳಕೊಂಡು ಮುಟ್ತೀನ್ರಿ. ಮೊದಲ ಹೆಂಗಿತ್ರಿ ಸಾವಕಾರ್ರ, ಯಾವ ಮನಿಗೆ ಹೋದ್ರೂ ಬಾಗಲಾಗ ನಿಂದ್ರಿಸಿ ಬೈತಿದ್ರು. ಯಾಕ ಬೈತಾರ ಅಂತ ನನಗ ಗೊತ್ತಿರ್ತಿದ್ದಿಲ್ಲ. ಹಿಂದ ಯಾರು ಬಂದಿದ್ರು, ಏನ್ ಮಾಡಿ ಹೋಗ್ಯಾರ, ಏನೂ ಗೊತ್ತಿಲ್ಲ. ಸುಮ್ನ ತಲಿ ಬಗ್ಗಿಸಿ ನಿಂದರ್ತಿದ್ದೆ. ಈಗ ಗಾಡಿ ಹತ್ತೂಕಿಂತ ಮೊದಲ ನೋಡ್ಕೋತೀನಿ. ಇವತ್ತು ಏನ್ ಬೈತಾರ ಅನ್ನೂದು ಮೊದಲ ಗೊತ್ತಿರ್ತೈತಿ.’

ಎಲ್ಲರೂ ನಕ್ಕರು. ಸಾವಕಾರರೂ ನಕ್ಕರು. ‘ಬೈಗುಳ ಗೊತ್ತಾಗಾಕ ಇಷ್ಟೆಲ್ಲಾ ಮಾಡ್ಬೇಕೇನಪಾ?’

‘ಬೈಗುಳ ಗೊತ್ತಾದ್ರ ಯಾವ ಪಾನಾ, ಯಾವ ಕೇಬಲ್ ಒಯ್ಯಬೇಕು ಗೊತ್ತಾಗ್ತೈತ್ರಿ. ಮೊದಲ ಒಂದ್ ಮನಿಗೆ ಮೂರ್ ಸಲ ಹೋಗ್ತಿದ್ದೆ. ಈಗ ಒಂದ ಸಲಕ್ಕ ಮುಗೀತೈತಿ. ಬಂದ್ ಮಾಡ್ತೀನಿ ಅಂದ್ರ ಮಾಡ್ರಿ. ನನ್ನ ಫೋನಿನಾಗಿಂದು ಮಾತ್ರ ತಗೀಬ್ಯಾಡ್ರಿ.’

ಅವನು ಕೂತ ಮೇಲೆ ಕೊಟ್ರೇಶ ಎದ್ದ. ತನಗೂ ಅದು ಬೇಕು ಎಂದ. ಇಪ್ಪತ್ತೆಂಟು ಜನರ ಹೆಸರುಗಳನ್ನು ಅವನು ಪರದೆ ನೋಡದೆ ಹೇಳಿದ, ಯಾವ ಊರಿನವರು, ಯಾರ ಅಳಿಯ ಎಂಬ ಸಮೇತ. ಹದಿನೇಳನೆಯ ಹೆಸರಿಗೆ ಸಾವಕಾರರು ಕೈ ಎತ್ತಿ, ‘ಸಾಕು ಕುಂದ್ರೋ’ ಎಂದರು.

ನನ್ನ ಹದಿನಾಲ್ಕು ಪುಟಗಳನ್ನು ಯಾರೂ ತೆರೆಯಲಿಲ್ಲ.

ಸಾವಕಾರರು ಕನ್ನಡಕ ಹಾಕಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿ, ‘ಫೋನ್ ಟೇಬಲ್ಲಿಗೆ ಬ್ಯಾರೇದವ್ರನ್ನ ಹುಡುಕು. ಜಲ್ದಿ’ ಎಂದು ಹೊರಟುಹೋದರು. ಅಷ್ಟೇ ಹೇಳಿದ್ದು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ನಿಮಿಷ ಬೇಕಾಯಿತು. ರೆಹಮಾನ ಹಿಂದಿನಿಂದ, ‘ಅಕ್ಕಾರ, ಗೆದ್ರಿ’ ಎಂದ ಮೇಲೆ ತಿಳಿಯಿತು.

ಕಾಕಾ, ನಾಳೆಯ ಬಸ್ಸಿಗೆ ಎರಡನೆಯ ಟ್ಯಾಬ್ಲೆಟ್ ಕಳಿಸುತ್ತಿದ್ದೇನೆ. ನಿಮ್ಮ ಅನುಭವದಲ್ಲಿ ಯಾರು ಯಾವ ಮನೆಗೆ ಮೊದಲು ಹೋಗಬೇಕೆಂದು ವಿವರವಾಗಿ ಬರೆಯಿರಿ. ನಾಲ್ಕು ಪುಟವಾದರೂ ಪರವಾಗಿಲ್ಲ.

ದಾನೇಶ್ವರಿ


ಕುಷ್ಟಗಿ, 29 ಮಾರ್ಚ್ 2025

ತಂಗಿ,

ಪತ್ರ ಮುಟ್ಟಿತು. ಅನ್ನಪೂರ್ಣ ಎರಡು ಸಲ ಓದಿದರು, ನಾನು ಮೂರು ಸಲ.

ನಾಲ್ಕು ಪುಟ ಇವತ್ತು ಆಗುವುದಿಲ್ಲ, ಅಂಗಡಿ ತುಂಬಿದೆ. ದೋಟಿಹಾಳದಿಂದ ಇಬ್ಬರು ಹೆಣ್ಣುಮಕ್ಕಳು ಬಂದು ನನ್ನ ಬಲಕ್ಕೆ ಕೂತಿದ್ದಾರೆ. ಒಬ್ಬರು ಬಯ್ಯುತ್ತಿದ್ದಾರೆ. ಅನ್ನಪೂರ್ಣ, ‘ಸ್ವಲ್ಪ ಸಾವಕಾಶ ಬೈರಿ ಅಕ್ಕಾರ’ ಎಂದು ಬರೆದುಕೊಳ್ಳುತ್ತಿದ್ದಾರೆ.

ಕುಬೇರಪ್ಪ